ಮಗನಿಗೆ 18 ತುಂಬುತ್ತಿದೆ, ಸ್ನಾನಕ್ಕೆ ಇನ್ನೂ ನಾನೇ ನಿಲ್ಲಬೇಕು

ಪ್ರಶ್ನೆ: ಮಗನಿಗೆ ಬರುವ ಮಾರ್ಚ್‌ಗೆ 18 ತುಂಬುತ್ತದೆ. ಆಟಿಸಂ ಇದೆ. ಓದಲು ಬರುತ್ತದೆ, ಮಾತು ಕಡಿಮೆ. ಸ್ನಾನದ ಹೊತ್ತಿಗೆ ಪಕ್ಕದಲ್ಲೇ ನಿಂತು ‘ಸೋಪು ಹಚ್ಕೋ, ನೀರು ಹಾಕ್ಕೋ’ ಅನ್ನುತ್ತಿರಬೇಕು. ಬೆನ್ನು ನಾನೇ ಉಜ್ಜುತ್ತೇನೆ. ಇನ್ನು ಅವನೇ ಮಾಡಿಕೊಳ್ಳಲಿ ಅಂದರೆ ಯಜಮಾನರು ‘ನಾವಿರೋ ತನಕ ನಾವು, ಆಮೇಲೆ ಮಗಳು ನೋಡ್ಕೋತಾಳೆ, ಸುಮ್ನೆ ಯಾಕೆ ಅವನನ್ನ ಗೋಳು ಹುಯ್ಕೋತೀಯ’ ಅನ್ನುತ್ತಾರೆ. ಮಗಳಿಗೆ 23, ಸಂಬಂಧ ನೋಡುತ್ತಿದ್ದೇವೆ. ನಾನು ಮಗನಿಗೆ ಹಿಂಸೆ ಕೊಡುತ್ತಿದ್ದೇನೆಯೇ?
— ಒಬ್ಬ ತಾಯಿ, ಹಾಸನ ಜಿಲ್ಲೆ

ಇಲ್ಲಮ್ಮ, ಇದು ಹಿಂಸೆಯಲ್ಲ. ನಿಮ್ಮ ಪತ್ರ ಓದಿದರೆ ಹುಡುಗನಿಗೆ ಸ್ನಾನ ಬರುವುದಿಲ್ಲ ಅನ್ನಿಸುವುದಿಲ್ಲ. ನಿಮ್ಮ ದನಿಯೇ ಅವನ ಸ್ನಾನದ ಒಂದು ಭಾಗವಾಗಿಬಿಟ್ಟಿದೆ. ‘ಸೋಪು ಹಚ್ಕೋ’ ಎಂದು ಕಿವಿಗೆ ಬೀಳುವ ತನಕ ಸೋಪಿಗೆ ಕೈ ಹೋಗುವುದಿಲ್ಲ. ಕೈ ಹಿಡಿದು ಮಾಡಿಸುವ ಸಹಾಯವನ್ನು ಮೆಲ್ಲಗೆ ಕಡಿಮೆ ಮಾಡಬಹುದು, ಬಾಯಲ್ಲಿ ಹೇಳುವ ಅಭ್ಯಾಸ ಬಿಡಿಸುವುದೇ ಕಷ್ಟ. ಆದ್ದರಿಂದ ಮೊದಲು ನಿಲ್ಲಬೇಕಾದ್ದು ಮಾತು.

ಓದಲು ಬರುತ್ತದೆ ಎಂದಿರಿ, ಅದು ದೊಡ್ಡ ಅನುಕೂಲ. ಸ್ನಾನದ ಈ ಹಂತಗಳನ್ನು ಒಂದೊಂದು ಸಾಲಾಗಿ ದಪ್ಪ ಅಕ್ಷರದಲ್ಲಿ ಬರೆದು ಲ್ಯಾಮಿನೇಷನ್ ಮಾಡಿಸಿ, ನೀರು ಸಿಡಿಯದ ಗೋಡೆಗೆ ಅವನ ಕಣ್ಣಿನ ಎತ್ತರದಲ್ಲಿ ಅಂಟಿಸಿ. ಟವೆಲ್, ಬಟ್ಟೆ ಗೂಟಕ್ಕೆ. ಗೀಸರ್ ಆಫ್. ಬಕೆಟ್‌ಗೆ ಮೊದಲು ಅರ್ಧ ತಣ್ಣೀರು, ಆಮೇಲೆ ಬಿಸಿನೀರು (ತಿರುಗುಮುರುಗಾದರೆ ಕೈ ಸುಡುತ್ತದೆ). ಮೈಗೆ 4 ಚೊಂಬು ನೀರು. ಸೋಪು: ಕಂಕುಳು, ಎದೆ, ತೊಡೆಸಂದು, ಕಾಲು. ಬೆನ್ನಿಗೆ ಉದ್ದ ಹಿಡಿಯ ಬ್ರಷ್. 10 ಚೊಂಬು ನೀರು. ಒರೆಸಿಕೊಂಡು ಬಟ್ಟೆ. ಲೆಕ್ಕ ಬರೆಯಲೇಬೇಕು. ‘ಚೆನ್ನಾಗಿ ನೀರು ಹಾಕ್ಕೋ’ ಅಂದರೆ ಎಲ್ಲಿಗೆ ನಿಲ್ಲಿಸಬೇಕೆಂದು ಅವನಿಗೆ ತಿಳಿಯದು. ಒಂದೋ ನೊರೆ ಮೈಮೇಲೇ ಉಳಿಯುತ್ತದೆ, ಇಲ್ಲವೇ ಟ್ಯಾಂಕ್ ಖಾಲಿ.

ಇನ್ನು ಮುಂದೆ ಒಳಗೆ ನಿಲ್ಲುವವರು ಅವನ ಅಪ್ಪ. ಎದುರಿಗಲ್ಲ, ಹಿಂದೆ, ಮಾತಿಲ್ಲದೆ. ಹುಡುಗ ಸುಮ್ಮನೆ ನಿಂತರೆ ಮನಸ್ಸಿನಲ್ಲೇ ಹತ್ತು ಎಣಿಸಲಿ. ಆಗಲೂ ಕದಲದಿದ್ದರೆ ಮೊಣಕೈ ಹಿಡಿದು ಅವನ ಬೆರಳನ್ನು ಗೋಡೆಯ ಮೇಲಿನ ಸಾಲಿಗೆ ತೋರಿಸಲಿ. ಕಲಿಕೆ ಕೊನೆಯಿಂದ ಶುರುವಾಗಲಿ: ಮೊದಲಿಗೆ ಒರೆಸಿ ಬಟ್ಟೆ ಹಾಕಿಕೊಳ್ಳುವುದಷ್ಟೇ ಅವನದು, ಉಳಿದದ್ದಕ್ಕೆ ಸಹಾಯ. ಸತತ ಮೂರು ದಿನ ಅಪ್ಪ ಮುಟ್ಟದೆಯೇ ಅವನು ಮುಗಿಸಿದನೆಂದರೆ ಅದರ ಹಿಂದಿನ ಸಾಲೂ ಅವನಿಗೇ. ಹೀಗೆ ಮಾಡಿದರೆ ಸ್ನಾನ ಪ್ರತಿದಿನವೂ ಅವನ ಕೈಯಲ್ಲೇ ಮುಗಿಯುತ್ತದೆ.

ಇದು ಕೆಡುವುದು ಸಾಮಾನ್ಯವಾಗಿ ಮನೆಯವರಿಂದ. ಅಜ್ಜಿಯೋ ಅತ್ತೆಯೋ ಹೊರಗಿನಿಂದ ‘ಆಯ್ತೇನೋ, ಸೋಪು ಹಾಕ್ಕೊಂಡ್ಯಾ?’ ಅಂದರೆ ಸಾಕು, ಮತ್ತೆ ದನಿಗಾಗಿ ಕಾಯತೊಡಗುತ್ತಾನೆ. ಇನ್ನೊಂದು, ಸೋಪು ಮುಗಿದ ದಿನ. ‘ಸೋಪು ಇಲ್ಲದಿದ್ದರೆ ಕಪಾಟಿನಿಂದ ಹೊಸದು’ ಎಂಬ ಸಾಲು ಸೇರಿಸಿ, ಬೇಕೆಂದೇ ಒಂದು ದಿನ ಸೋಪಿನ ಡಬ್ಬಿ ಖಾಲಿ ಇಡಿ. ಕಲಿತ ಮೇಲೆ ಬಾಗಿಲು ಅವನೇ ಹಾಕಿಕೊಳ್ಳಲಿ. ಫಿಟ್ಸ್ ಬರುವುದಿದ್ದರೆ ಚಿಲಕ ಮಾತ್ರ ಬೇಡ.

‘ಯಾಕೆ ಗೋಳು’ ಎನ್ನುವ ಯಜಮಾನರಿಗೆ ಹೀಗೆ ಹೇಳಿ: ಯಾರು ಬೇಕಾದರೂ ಬಟ್ಟೆ ಬಿಚ್ಚಿ ಮೈ ಮುಟ್ಟಬಹುದು ಎಂದು 18 ವರ್ಷ ರೂಢಿಯಾದವನಿಗೆ ಕೆಟ್ಟ ಸ್ಪರ್ಶ ಗೊತ್ತಾಗುವುದು ಹೇಗೆ? ಅದನ್ನು ಬಂದು ಹೇಳುವಷ್ಟು ಮಾತೂ ಅವನಲ್ಲಿಲ್ಲ. ಅವನ ರಕ್ಷಣೆ ಶುರುವಾಗುವುದೇ ಸ್ನಾನದಿಂದ.

ಸ್ನಾನ ನೆಲೆಗೊಂಡ ಮೇಲೆ ಅಂಗಡಿ. ಒಂದೇ ಅಂಗಡಿ, ಒಂದೇ ಹೊತ್ತು, ಒಂದೇ ವಸ್ತು. ಚೀಟಿಯಲ್ಲಿ ‘ನಂದಿನಿ ನೀಲಿ ಪ್ಯಾಕೆಟ್ 1, ಇಲ್ಲದಿದ್ದರೆ ಹಸಿರು’ ಎಂದಿರಲಿ. ಎರಡನೇ ದಾರಿ ಬರೆದಿರದಿದ್ದರೆ ‘ಇಲ್ಲಪ್ಪ’ ಎಂಬ ಒಂದು ಮಾತಿಗೆ ಅಲ್ಲೇ ಕಂಗಾಲಾಗುತ್ತಾನೆ.

ಕಾಗದಪತ್ರಕ್ಕೆ ಮಾರ್ಚ್ ದೂರವಿಲ್ಲ. 18 ತುಂಬಿದ ಮೇಲೆ ನೀವು ಹೆತ್ತವರೆಂಬ ಮಾತ್ರಕ್ಕೆ ಅವನ ಪರವಾಗಿ ಸಹಿ ಹಾಕಲಾಗದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಆಟಿಸಂ ಇರುವವರಿಗೆ ಕಾನೂನುಬದ್ಧ ಪೋಷಕರನ್ನು (ಗಾರ್ಡಿಯನ್) ನೇಮಿಸುವುದು ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ) ಇಲ್ಲದಿದ್ದರೆ ಈಗಲೇ ಮಾಡಿಸಿ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗಿದೆ, ಥೆರಪಿ ಖರ್ಚಿಗೂ ಒದಗುತ್ತದೆ. ಆದರೆ ಎಲ್ಲದಕ್ಕೂ ಪೋಷಕತ್ವ ಕೇಳಬೇಡಿ. ತನ್ನ ಬಟ್ಟೆ, ಊಟ, ತಾನು ಮಾಡುವ ಕೆಲಸದ ವಿಷಯದಲ್ಲಿ ಅವನ ಇಷ್ಟವೇ ನಡೆಯಲಿ. ಬ್ಯಾಂಕು, ಆಸ್ತಿಗೆ ಎಷ್ಟು ಬೇಕೋ ಅಷ್ಟು ಸಾಕು.

ಮಗಳನ್ನು ಯಾರಾದರೂ ಕೇಳಿದ್ದೀರಾ? ಪತ್ರದಲ್ಲಿ ಅವಳ ಮಾತು ಒಂದೂ ಇಲ್ಲ. ಸಂಬಂಧ ಗೊತ್ತಾಗುವ ಮುಂಚೆ ಅವಳನ್ನು ಕೂರಿಸಿಕೊಂಡು, ತಮ್ಮನ ಯಾವ ಕೆಲಸ ಹೊರಬಲ್ಲೆ, ಯಾವುದು ಆಗದು ಎಂದು ಕೇಳಿ. ಬ್ಯಾಂಕು, ಕಾಗದಪತ್ರ ನೋಡಿಕೊಳ್ಳುತ್ತೇನೆ, ಜೊತೆಯಲ್ಲಿ ಇರಿಸಿಕೊಳ್ಳಲಾರೆ ಅಂದರೆ ಅದನ್ನೂ ನೋಯದೆ ಒಪ್ಪಿಕೊಳ್ಳಿ. ಅವಳು ಏನು ಒಪ್ಪಿದಳೋ ಅದನ್ನೇ ಗಂಡಿನ ಕಡೆಯವರಿಗೂ ಮೊದಲ ಮಾತುಕತೆಯಲ್ಲೇ ಮುಚ್ಚಿಡದೆ ಹೇಳಿ.