ಸಿಸ್ಟರುಗಳು ಸುಮ್ಮನೆ ಕುಳಿತರೆ ಏನು ಕೆಟ್ಟಿತು?

"ಸಂಪಾದಕರೇ, ನನ್ನ ಹೆಂಡತಿ ನಮ್ಮೂರ ಕಾನ್ವೆಂಟಿನ ಸಿಸ್ಟರುಗಳ ಜೊತೆ ಕೋಲಾರದ ಹತ್ತಿರ ಎರಡು ದಿನ ಮೌನವಾಗಿ ಪ್ರಾರ್ಥಿಸುವ ಧ್ಯಾನಕೂಟಕ್ಕೆ ಹೋಗಿದ್ದಳು. ಸಿಸ್ಟರುಗಳು ನಡೆಸುವ ಔಷಧಾಲಯಕ್ಕೆ ಬೀಗ, ಇವಳ ಮೊಬೈಲ್ ಬಂದ್. ಸೇವೆಯೇ ಪ್ರಾರ್ಥನೆ ಎನ್ನುವವರು ಬಾಯಿಮುಚ್ಚಿ ಕುಳಿತರೆ ಯಾರಿಗೆ ಲಾಭ?"
– ಓದುಗರೊಬ್ಬರು, ಮುಳಬಾಗಿಲು

ಮಾನ್ಯರೇ,

ನಿಮ್ಮ ಎರಡು ಪುಟದ ಪತ್ರವನ್ನು ಮೂರು ಸಲ ಓದಿದೆ. ಅಕ್ಷರ ಮುತ್ತಿನಂತಿದೆ, ಸಿಟ್ಟೂ ಪ್ರಾಮಾಣಿಕವಾಗಿದೆ. ಜ್ವರದ ಮಗುವನ್ನೆತ್ತಿಕೊಂಡು ಬಂದ ತಾಯಿ ಬೀಗ ನೋಡಿ ಹಿಂದಿರುಗಿದಳು ಎಂದು ಬರೆದಿದ್ದೀರಿ. ಅದು ತಪ್ಪೇ. ಒಬ್ಬ ಸಿಸ್ಟರನ್ನಾದರೂ ಬಿಟ್ಟುಹೋಗಬೇಕಿತ್ತು. ಉಳಿದ ಯಾವ ಮಾತನ್ನೂ ನಾನು ಒಪ್ಪಲಾರೆ.

ಬೈಬಲಿನಲ್ಲಿ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯ ತೆಗೆದು ನೋಡಿ. ಊರೂರು ಸುತ್ತಿ ಬಂದ ಶಿಷ್ಯರಿಗೆ ಊಟಕ್ಕೂ ಬಿಡುವಿಲ್ಲದಷ್ಟು ಜನಸಂದಣಿ. ಆಗ ಯೇಸು ಅವರನ್ನು ಏಕಾಂತ ಸ್ಥಳಕ್ಕೆ ಬಂದು ಕೊಂಚ ದಣಿವಾರಿಸಿಕೊಳ್ಳಿ ಎಂದು ಕರೆಯುತ್ತಾರೆ. ಜನ ಅಲ್ಲಿಗೂ ಬಂದರು, ಅವರನ್ನು ಕಂಡು ಯೇಸು ಕನಿಕರಪಟ್ಟರು ಎಂಬುದೂ ಅಲ್ಲೇ ಇದೆ. ಆದರೂ ಮೊದಲು ಕರೆದದ್ದು ವಿಶ್ರಾಂತಿಗೆ. ಧ್ಯಾನಕೂಟ ಸೋಮಾರಿಗಳು ಕಂಡುಹಿಡಿದದ್ದಲ್ಲ. ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡ ಸೈನಿಕ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ತಿಂಗಳುಗಟ್ಟಲೆ ಪ್ರಾರ್ಥನೆಯಲ್ಲಿ ಕಳೆದರು. ಅಲ್ಲಿ ಮೂಡಿದ ಧ್ಯಾನಕ್ರಮಕ್ಕೆ 1548ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು. ಅದನ್ನು ಪೂರ್ತಿ ಮಾಡಲು ಸುಮಾರು ಮೂವತ್ತು ದಿನ ಬೇಕು. ವರ್ಷಕ್ಕೊಮ್ಮೆ ಧ್ಯಾನಕೂಟ ಮಾಡಬೇಕೆಂದು ಕಥೋಲಿಕ ಧರ್ಮಸಭೆಯ 1983ರ ಕಾನೂನೇ ಸಿಸ್ಟರುಗಳಿಗೆ ಹೇಳುತ್ತದೆ. ನಿಮ್ಮ ಮನೆಯವರು ಹೋದದ್ದು ಬರೀ ಎರಡು ದಿನ!

ಸಂಸಾರಸ್ಥರಿಗೆ ಇದೆಲ್ಲ ಏಕೆ ಎಂದೂ ಕೇಳಿದ್ದೀರಿ. ವ್ರತ ತೊಡದೆ, ಮನೆಯಲ್ಲಿದ್ದುಕೊಂಡೇ ಸಿಸ್ಟರುಗಳ ಪ್ರಾರ್ಥನೆ, ಸೇವೆಗಳಲ್ಲಿ ಪಾಲುಗೊಳ್ಳುವ ಗೃಹಸ್ಥರು ಇಂದು ನಿನ್ನೆ ಹುಟ್ಟಿದವರಲ್ಲ. ಇಟಲಿಯ ಸಂತ ಅಸ್ಸಿಸಿಯ ಫ್ರಾನ್ಸಿಸರ ಕಾಲದಲ್ಲೇ, 1221ರಲ್ಲಿ, ಅಂಥವರಿಗೆ ನಿಯಮಾವಳಿ ಸಿದ್ಧವಾಗಿತ್ತು.

ನಾನು ಕ್ರೈಸ್ತನಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಒಂದು ಲೇಖನಕ್ಕಾಗಿ ಇಂಥದೇ ಕೂಟಕ್ಕೆ ಹೋಗಿ ಒಂದು ಹಗಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಮಧ್ಯಾಹ್ನದ ಊಟಕ್ಕೆ ಮಾತಿಲ್ಲ. ಸಾರಿನ ಪಾತ್ರೆ ಕೈಯಿಂದ ಕೈಗೆ ಸಾಗುತ್ತಿತ್ತು. ಸಾಕೆನ್ನುವವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಹೂವು ಮಾರುವ ಹೆಂಗಸೊಬ್ಬರು ತಮ್ಮ ತಟ್ಟೆ ತೊಳೆಯಲು ಎದ್ದರು. ಹಿರಿಯ ಸಿಸ್ಟರ್ ಅದನ್ನು ಅವರ ಕೈಯಿಂದ ತೆಗೆದುಕೊಂಡು ತಾವೇ ತೊಳೆದರು. ಆ ಹೆಂಗಸು ಒದ್ದೆ ಕೈಯಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತೇ ಇದ್ದರು. ಆಮೇಲೆ ಪ್ರವಚನದ ಹೊತ್ತಿಗೆ ರಾತ್ರಿಪಾಳಿ ಮುಗಿಸಿ ಬಂದಿದ್ದ ನರ್ಸ್ ಸಿಸ್ಟರ್ ಕುಳಿತಲ್ಲೇ ನಿದ್ದೆಹೋದರು. ಪಕ್ಕದವರು ತಟ್ಟಿ ಎಬ್ಬಿಸಲು ಹೋದಾಗ ಫಾದರ್ ಬೇಡವೆಂದು ಕೈಯಾಡಿಸಿ, ದನಿ ತಗ್ಗಿಸಿ ಮಾತು ಮುಂದುವರಿಸಿದರು. ಅಂದಿನ ಪ್ರವಚನ ನನಗೆ ನೆನಪಿಲ್ಲ, ಆ ತಗ್ಗಿದ ದನಿ ನೆನಪಿದೆ.

ತುಂಬಿಕೊಳ್ಳಲು ಬಿಡದೆ ಎತ್ತುತ್ತಲೇ ಇದ್ದರೆ ಏನಾಗುತ್ತದೆಂದು ಕೋಲಾರ ಜಿಲ್ಲೆಯವರಿಗೆ ನಾನು ಬಿಡಿಸಿ ಹೇಳಬೇಕೇ? ಕೆರೆ ತುಂಬಲಿಲ್ಲ, ಕೊಳವೆಬಾವಿ ಮಾತ್ರ ಸಾವಿರ ಅಡಿ ದಾಟಿಸಿ ಎತ್ತುತ್ತಲೇ ಹೋದೆವು; ಕೊನೆಗೆ ಬಂದದ್ದು ಬರೀ ಧೂಳು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, ಹರಿದಾಗ ದಡದಲ್ಲಿ ನಿಂತು ನೋಡಿದವರಲ್ಲಿ ನಾನೂ ಒಬ್ಬ. ನಿಂತ ನೀರು ಕೆಲಸಕ್ಕೆ ಬಾರದು ಎಂದು ಅಂದು ಯಾರೂ ಹೇಳಲಿಲ್ಲ.

ನಮ್ಮ ಸಭೆ ಸಮಾರಂಭಗಳನ್ನಾದರೂ ನೋಡಿ. ಮಹಿಳಾ ದಿನಾಚರಣೆ ಎಂದರೆ ಎರಡು ಗಂಟೆ ತಡವಾಗಿ ಬರುವ ಅತಿಥಿ, ಕಿವಿ ಒಡೆಯುವ ಧ್ವನಿವರ್ಧಕ, ಹಾರ ತುರಾಯಿ. ಆ ಮಹಿಳೆಯರೇ ಬೆಳಗ್ಗೆ ಐದಕ್ಕೆದ್ದು ಉಪ್ಪಿಟ್ಟು ಕೆದಕಿರುತ್ತಾರೆ. ನನ್ನ ತಾಯಿ ಎಪ್ಪತ್ತೆರಡು ವರ್ಷ ಬದುಕಿದರು. ಯಾರೂ ಏನೂ ಕೇಳದ ಒಂದೇ ಒಂದು ದಿನ ಅವರಿಗೆ ಸಿಕ್ಕಿದ್ದನ್ನು ನಾನು ಕಾಣೆ. ನಾನೂ ಕೊಡಲಿಲ್ಲ.

ಶನಿವಾರ ಅನ್ನ ಸೀದುಹೋಯಿತು, ಹಾಲು ಉಕ್ಕಿತು ಎಂದೆಲ್ಲ ವಿವರವಾಗಿ ಬರೆದಿದ್ದೀರಿ. ಭಾನುವಾರ ಸಂಜೆ ಬಸ್ಸಿಳಿದು ಬಂದ ನಿಮ್ಮ ಮನೆಯವರು ಏನು ಹೇಳಿದರೆಂಬುದು ಮಾತ್ರ ಎರಡು ಪುಟದಲ್ಲಿ ಎಲ್ಲೂ ಇಲ್ಲ. ಕೇಳಿದಿರಾ? ಇಲ್ಲವಾದರೆ ಇಂದೇ ಕೇಳಿ. ಅವರೇ ಬರೆದರೆ ಇನ್ನೂ ಒಳ್ಳೆಯದು. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟಿರುತ್ತೇನೆ.

– ಸಂಪಾದಕ