ಓದುಗರ ಪ್ರಶ್ನೆ: ಜಾಲತಾಣಕ್ಕೆ ಬಂದವರು ನಿಜಕ್ಕೂ ಎಷ್ಟು ಮಂದಿ?

ಪ್ರಶ್ನೆ: ಕತೆ, ಪ್ರಬಂಧಗಳನ್ನು ಪ್ರಕಟಿಸುವ ಚಿಕ್ಕ ಜಾಲತಾಣವೊಂದನ್ನು ನಾನು ನಡೆಸುತ್ತಿದ್ದೇನೆ. ಹೋಸ್ಟಿಂಗ್ ಸೇವೆಯವರು ಕೊಟ್ಟಿರುವ ಎಡಬ್ಲ್ಯೂಸ್ಟ್ಯಾಟ್ಸ್ ವರದಿಯಲ್ಲಿ ಕಳೆದ ತಿಂಗಳು 48,000 ಹಿಟ್‌ಗಳು ಮತ್ತು 2,900 ಭೇಟಿಗಳು ಎಂದಿದೆ. ಅದೇ ತಿಂಗಳಿಗೆ ಗೂಗಲ್ ಅನಲಿಟಿಕ್ಸ್ ತೋರಿಸುತ್ತಿರುವುದು 610 ಬಳಕೆದಾರರನ್ನು ಮಾತ್ರ. ಇವುಗಳಲ್ಲಿ ಯಾವುದನ್ನು ನಂಬಬೇಕು?

ಉತ್ತರ: ಎರಡು ವರದಿಗಳೂ ಸುಳ್ಳು ಹೇಳುತ್ತಿಲ್ಲ, ಆದರೆ ಅವು ಎಣಿಸುತ್ತಿರುವುದು ಒಂದನ್ನೇ ಅಲ್ಲ. ಮೊದಲು ಹಿಟ್ ಎಂದರೇನು ಎಂಬುದನ್ನು ನೋಡೋಣ. ಓದುಗರೊಬ್ಬರು ನಿಮ್ಮ ಕತೆಯೊಂದನ್ನು ಬೆಳಿಗ್ಗೆ 10 ಗಂಟೆ 14 ನಿಮಿಷಕ್ಕೆ ತೆರೆದರೆಂದು ಇಟ್ಟುಕೊಳ್ಳಿ. ಸರ್ವರ್‌ನ ಲಾಗ್ ಕಡತದಲ್ಲಿ ಆ ಕತೆಯ ಪುಟಕ್ಕೆ ಒಂದು ಸಾಲು ದಾಖಲಾಗುತ್ತದೆ. ಅದರ ಬೆನ್ನಿಗೇ ಪುಟದ ವಿನ್ಯಾಸದ ಕಡತಕ್ಕೆ ಒಂದು, ಎರಡು ಸ್ಕ್ರಿಪ್ಟ್‌ಗಳಿಗೆ ಎರಡು, ಕನ್ನಡ ಫಾಂಟ್‌ಗೆ ಒಂದು, ಆರು ಚಿತ್ರಗಳಿಗೆ ಆರು, ಬ್ರೌಸರ್‌ನ ಟ್ಯಾಬಿನಲ್ಲಿ ಕಾಣುವ ಪುಟ್ಟ ಲಾಂಛನಕ್ಕೆ ಇನ್ನೊಂದು ಸಾಲು ಸೇರುತ್ತದೆ. ಓದಿದವರು ಒಬ್ಬರು, ತೆರೆದ ಪುಟ ಒಂದು, ಹಿಟ್‌ಗಳು ಮಾತ್ರ ಹನ್ನೆರಡು. ನಾಳೆ ನೀವು ಅದೇ ಪುಟಕ್ಕೆ ಇನ್ನೂ ಹತ್ತು ಚಿತ್ರಗಳನ್ನು ಸೇರಿಸಿದರೆ, ಒಬ್ಬ ಓದುಗರೂ ಹೆಚ್ಚದೆ ಹಿಟ್‌ಗಳು ಇಪ್ಪತ್ತೆರಡಾಗುತ್ತವೆ. ಸರ್ವರ್‌ನ ಮೇಲೆ ಎಷ್ಟು ಹೊರೆ ಬೀಳುತ್ತಿದೆ ಎಂದು ತಿಳಿಯಲು ಈ ಲೆಕ್ಕ ಉಪಯುಕ್ತವೇ ಹೊರತು, ಓದುಗರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದ್ದರಿಂದ 48,000 ಎಂಬ ಸಂಖ್ಯೆಯನ್ನು ದಯವಿಟ್ಟು ಬದಿಗಿಡಿ.

ಉಳಿದ ಎರಡು ಸಂಖ್ಯೆಗಳ ನಡುವಿನ ಅಂತರಕ್ಕೆ ಕಾರಣ, ಅವುಗಳನ್ನು ಎಣಿಸುವ ಜಾಗವೇ ಬೇರೆಯಾಗಿರುವುದು. ಎಡಬ್ಲ್ಯೂಸ್ಟ್ಯಾಟ್ಸ್ ಸರ್ವರ್‌ನ ಲಾಗ್ ಅನ್ನು ಓದುತ್ತದೆ. ಅಲ್ಲಿ ಮನುಷ್ಯರೂ ಬಾಟ್‌ಗಳೂ (ತಾವಾಗಿಯೇ ಪುಟಗಳನ್ನು ತೆರೆಯುವ ತಂತ್ರಾಂಶಗಳು) ಒಂದೇ ರೀತಿಯ ಸಾಲುಗಳನ್ನು ಬಿಟ್ಟುಹೋಗುತ್ತಾರೆ. ಗೂಗಲ್‌ಬಾಟ್‌ನಂತೆ ತನ್ನ ಹೆಸರನ್ನು ಹೇಳಿಕೊಂಡು ಬರುವ ಬಾಟ್‌ಗಳನ್ನು ಅದು ಪ್ರತ್ಯೇಕಿಸಿ ತೋರಿಸುತ್ತದೆಯಾದರೂ, ಸಾಮಾನ್ಯ ಬ್ರೌಸರ್‌ನ ಹೆಸರಿನಲ್ಲಿ ಬರುವವು ಓದುಗರ ಲೆಕ್ಕಕ್ಕೇ ಸೇರಿಬಿಡುತ್ತವೆ. ಗೂಗಲ್ ಅನಲಿಟಿಕ್ಸ್ ಕೆಲಸ ಮಾಡುವುದು ಓದುಗರ ಬ್ರೌಸರ್‌ನೊಳಗೆ, ಒಂದು ಸ್ಕ್ರಿಪ್ಟ್‌ನ ಮೂಲಕ. ಆ ಸ್ಕ್ರಿಪ್ಟನ್ನು ಚಲಾಯಿಸದ ಬಾಟ್‌ಗಳು ಅದಕ್ಕೆ ಕಾಣುವುದೇ ಇಲ್ಲ, ಅದು ಒಳ್ಳೆಯದೇ. ಆದರೆ ಜಾಹೀರಾತು ತಡೆಯುವ ಸಾಧನವನ್ನು ಹಾಕಿಕೊಂಡಿರುವ ನಿಜವಾದ ಓದುಗರೂ ಬಹಳಷ್ಟು ಸಲ ಕಾಣದೆ ಹೋಗುತ್ತಾರೆ. ಒಂದು ವರದಿ ಹೆಚ್ಚಾಗಿ ಎಣಿಸುತ್ತದೆ, ಇನ್ನೊಂದು ಕಡಿಮೆ ಎಣಿಸುತ್ತದೆ, ನಿಮ್ಮ ನಿಜವಾದ ಓದುಗರು ಸಾಮಾನ್ಯವಾಗಿ ಇವೆರಡರ ನಡುವೆ ಎಲ್ಲೋ ಇರುತ್ತಾರೆ.

ಜೊತೆಗೆ ಭೇಟಿ ಮತ್ತು ಬಳಕೆದಾರ ಎಂಬ ಎರಡು ಪದಗಳ ಅರ್ಥವೂ ಬೇರೆ ಬೇರೆ. ಒಬ್ಬರೇ ತಿಂಗಳಿಗೆ ಐದು ಸಲ ಬಂದರೆ ಭೇಟಿ ಐದು, ಬಳಕೆದಾರ ಒಬ್ಬರು. ಓದುಗರು ಎಷ್ಟು ಹೊತ್ತು ಸುಮ್ಮನಿದ್ದರೆ ಒಂದು ಭೇಟಿ ಮುಗಿಯಿತೆನ್ನಬೇಕು ಎಂಬುದಕ್ಕೆ ಅನಲಿಟಿಕ್ಸ್‌ನ ಮಾಮೂಲಿ ಗಡುವು 30 ನಿಮಿಷವಾದರೆ ಎಡಬ್ಲ್ಯೂಸ್ಟ್ಯಾಟ್ಸ್‌ನದು 60 ನಿಮಿಷ. ಇನ್ನು ಬಳಕೆದಾರ ಎಂದರೆ ಮನುಷ್ಯ ಎಂದಲ್ಲ, ಬ್ರೌಸರ್‌ನಲ್ಲಿ ಉಳಿದಿರುವ ಒಂದು ಕುಕಿ (ಬಂದವರನ್ನು ಗುರುತಿಸಲು ಇಡುವ ಪುಟ್ಟ ದಾಖಲೆ) ಎಂದಷ್ಟೇ ಅರ್ಥ. ಬೆಳಿಗ್ಗೆ ಮೊಬೈಲಿನಲ್ಲಿ, ಸಂಜೆ ಕಂಪ್ಯೂಟರಿನಲ್ಲಿ ಓದಿದ ಒಬ್ಬರು ವರದಿಯಲ್ಲಿ ಇಬ್ಬರಾಗುತ್ತಾರೆ. ಆಪಲ್‌ನ ಸಫಾರಿ ಬ್ರೌಸರ್ 2019ರಿಂದ, ಸ್ಕ್ರಿಪ್ಟ್‌ಗಳು ಇಡುವ ಕುಕಿಗಳ ಆಯಸ್ಸನ್ನು 7 ದಿನಕ್ಕೆ ಮಿತಿಗೊಳಿಸಿದೆ. ಹಾಗಾಗಿ ಹತ್ತು ದಿನಗಳಿಗೊಮ್ಮೆ ತಪ್ಪದೆ ಬರುವ ನಿಮ್ಮ ನಿಷ್ಠಾವಂತ ಓದುಗರು ಪ್ರತಿಸಲವೂ ಹೊಸಬರೆಂದೇ ದಾಖಲಾಗಬಹುದು. ಎರಡು ಸಾಧನಗಳ ಸಂಖ್ಯೆಗಳನ್ನು ಒಂದಕ್ಕೊಂದು ಹೋಲಿಸುವ ಬದಲು ಒಂದೇ ಸಾಧನದ ಈ ತಿಂಗಳನ್ನು ಅದರದೇ ಹಿಂದಿನ ತಿಂಗಳುಗಳೊಡನೆ ಹೋಲಿಸಿ. ಅಳತೆಗೋಲಿನಲ್ಲಿ ದೋಷವಿದ್ದರೂ ಅದು ಪ್ರತಿ ತಿಂಗಳೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಏರಿಳಿತದ ದಿಕ್ಕನ್ನು ನಂಬಬಹುದು.

ಪ್ರಶ್ನೆ: ನನ್ನ ತಾಣದ ಬೌನ್ಸ್ ರೇಟ್ ಕೆಲವು ವರ್ಷಗಳ ಹಿಂದೆ ಶೇ. 85ರಷ್ಟಿತ್ತು, ಈಗ ಶೇ. 45 ಎಂದು ತೋರಿಸುತ್ತಿದೆ. ತಾಣದಲ್ಲಿ ನಾನು ಯಾವ ಬದಲಾವಣೆಯನ್ನೂ ಮಾಡಿಲ್ಲ. ಇದನ್ನು ಸುಧಾರಣೆ ಎಂದು ತಿಳಿಯಬಹುದೇ?

ಉತ್ತರ: ಇಲ್ಲ, ಬದಲಾಗಿರುವುದು ವ್ಯಾಖ್ಯೆ. ಗೂಗಲ್‌ನ ಹಳೆಯ ಯೂನಿವರ್ಸಲ್ ಅನಲಿಟಿಕ್ಸ್, ಓದುಗರು ಒಂದೇ ಪುಟವನ್ನು ನೋಡಿ ಬೇರೇನೂ ಮಾಡದೆ ಹೊರಟರೆ ಅದನ್ನು ಬೌನ್ಸ್ ಎನ್ನುತ್ತಿತ್ತು. 2023ರ ಜುಲೈ 1ರಂದು ಅದು ಹೊಸ ದತ್ತಾಂಶವನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಅದರ ಜಾಗಕ್ಕೆ ಬಂದ ಗೂಗಲ್ ಅನಲಿಟಿಕ್ಸ್ 4ರಲ್ಲಿ (ಜಿಎ4), 10 ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ನಡೆದ, ಅಥವಾ ಎರಡು ಪುಟಗಳನ್ನು ತೆರೆದ, ಅಥವಾ ನೀವು ಮುಖ್ಯವೆಂದು ಗುರುತಿಸಿದ ಕ್ರಿಯೆಯೊಂದು ನಡೆದ ಭೇಟಿ ಬೌನ್ಸ್ ಆಗುವುದಿಲ್ಲ. ಹೀಗಾಗಿ ನಿಮ್ಮ ಎರಡು ಅಂಕಿಗಳು ಹೋಲಿಕೆಗೆ ನಿಲ್ಲುವಂಥವಲ್ಲ.

ಹಳೆಯ ಲೆಕ್ಕ ಬರಹಗಾರರಿಗೆ ಮಾಡಿದ ಅನ್ಯಾಯವನ್ನು ನಾನು ಇಲ್ಲಿ ಹೇಳಲೇಬೇಕು. ಒಬ್ಬರು ಹನ್ನೆರಡು ನಿಮಿಷ ಕುಳಿತು ನಿಮ್ಮ ಪ್ರಬಂಧವನ್ನು ಕೊನೆಯವರೆಗೆ ಓದಿ, ತೃಪ್ತಿಯಿಂದ ಪುಟ ಮುಚ್ಚಿದರೆ, ಆ ವರದಿಯಲ್ಲಿ ಅದು ಬೌನ್ಸ್ ಎಂದೂ, ಕಳೆದ ಸಮಯ ಸೊನ್ನೆ ಎಂದೂ ದಾಖಲಾಗುತ್ತಿತ್ತು. ಏಕೆಂದರೆ ಎರಡನೆಯ ಪುಟ ತೆರೆದ ಹೊತ್ತಿನಿಂದ ಮೊದಲನೆಯದನ್ನು ಕಳೆದು ಸಮಯವನ್ನು ಲೆಕ್ಕ ಹಾಕಲಾಗುತ್ತಿತ್ತು, ಇಲ್ಲಿ ಎರಡನೆಯ ಪುಟವೇ ಇರಲಿಲ್ಲ. ತಮ್ಮ ಬರಹವನ್ನು ಯಾರೂ ಓದುತ್ತಿಲ್ಲವೆಂದು ಆ ಸೊನ್ನೆಯನ್ನು ನೋಡಿ ಎದೆಗುಂದಿದವರನ್ನು ನಾನು ಬಲ್ಲೆ. ಹಾಗೆಂದು 10 ಸೆಕೆಂಡುಗಳಲ್ಲಿ ಪ್ರಬಂಧವೊಂದನ್ನು ಓದಲು ಸಾಧ್ಯವಿಲ್ಲ, ಆದ್ದರಿಂದ ಹೊಸ ಅಂಕಿಯೂ ನಿಮ್ಮ ಕೆಲಸಕ್ಕೆ ಸಾಲದು. ಜಿಎ4ರಲ್ಲಿ ಸ್ಕ್ರಾಲ್ ಎಂಬ ಈವೆಂಟ್ ಇದೆ. ಪುಟದ ಉದ್ದದ ಶೇ. 90ರಷ್ಟು ಕೆಳಕ್ಕೆ ಸರಿಸಿದಾಗ ಅದು ದಾಖಲಾಗುತ್ತದೆ. ಪ್ರತಿ ಬರಹಕ್ಕೂ ಪುಟ ತೆರೆದವರೆಷ್ಟು, ಕೊನೆಯವರೆಗೆ ಸರಿಸಿದವರೆಷ್ಟು ಎಂದು ಅಕ್ಕಪಕ್ಕ ಇಟ್ಟು ನೋಡಿ. ಪುಟದ ಕೆಳಗೆ ಟಿಪ್ಪಣಿಗಳು, ಸಂಬಂಧಿತ ಲೇಖನಗಳು ಉದ್ದವಾಗಿದ್ದರೆ ಬರಹವನ್ನು ಪೂರ್ತಿ ಓದಿದವರೂ ಶೇ. 90 ತಲುಪದಿರಬಹುದು ಎಂಬುದು ಮಾತ್ರ ನೆನಪಿರಲಿ.

ಪ್ರಶ್ನೆ: ವರದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭೇಟಿಗಳು 'ಡೈರೆಕ್ಟ್' ಎಂದಿವೆ. ಇಷ್ಟೊಂದು ಜನ ನನ್ನ ತಾಣದ ವಿಳಾಸವನ್ನು ನೆನಪಿಟ್ಟುಕೊಂಡು ಟೈಪ್ ಮಾಡುತ್ತಾರೆಯೇ?

ಉತ್ತರ: ಕೆಲವರು ಮಾಡಬಹುದು, ಆದರೆ ಡೈರೆಕ್ಟ್ ಎಂಬುದನ್ನು 'ಎಲ್ಲಿಂದ ಬಂದರೋ ಗೊತ್ತಾಗಲಿಲ್ಲ' ಎಂದು ಓದಿಕೊಳ್ಳುವುದು ಸರಿ. ಲಿಂಕ್ ಒತ್ತಿದಾಗ, ತಾನು ಯಾವ ಪುಟದಿಂದ ಬಂದೆನೆಂಬುದನ್ನು ಬ್ರೌಸರ್ 'ರೆಫರರ್' ಎಂಬ ಸಾಲಿನಲ್ಲಿ ತಿಳಿಸುತ್ತದೆ. ವಾಟ್ಸ್ಆ್ಯಪ್ ಸಂದೇಶ, ಇಮೇಲ್ ಆ್ಯಪ್, ಪಿಡಿಎಫ್ ಕಡತ ಇವುಗಳಿಂದ ಬಂದಾಗ ಆ ಸಾಲು ಸಾಮಾನ್ಯವಾಗಿ ಖಾಲಿಯಾಗಿರುತ್ತದೆ. ಇದಕ್ಕೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ನೀವೇ ಹಂಚುವ ಲಿಂಕ್‌ಗಳ ಕೊನೆಗೆ ಯುಟಿಎಂ ಗುರುತುಗಳನ್ನು, ಅಂದರೆ ಲಿಂಕನ್ನು ಎಲ್ಲಿ ಹಂಚಿದ್ದೆಂದು ಹೇಳುವ ಪುಟ್ಟ ಪದಗಳನ್ನು, ಸೇರಿಸಿ. ಯುಟಿಎಂನ ಮೊದಲ ಅಕ್ಷರ ಅರ್ಚಿನ್ ಎಂಬ ಕಂಪನಿಯನ್ನು ಸೂಚಿಸುತ್ತದೆ. 2005ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡ ಮೇಲೆಯೇ ಗೂಗಲ್ ಅನಲಿಟಿಕ್ಸ್ ಹುಟ್ಟಿದ್ದು. ವಾಟ್ಸ್ಆ್ಯಪ್ ಗುಂಪಿಗೆ ಒಂದು ಗುರುತು, ಇಮೇಲ್ ಪತ್ರಿಕೆಗೆ ಇನ್ನೊಂದು ಗುರುತು ಇಟ್ಟರೆ ಯಾವುದರಿಂದ ಎಷ್ಟು ಓದುಗರು ಬಂದರೆಂಬುದು ಸ್ಪಷ್ಟವಾಗುತ್ತದೆ. ತಾಣದ ಒಳಗಿನ ಒಂದು ಪುಟದಿಂದ ಇನ್ನೊಂದಕ್ಕೆ ಕೊಡುವ ಲಿಂಕ್‌ಗಳಿಗೆ ಮಾತ್ರ ಇದನ್ನು ಹಾಕಬೇಡಿ, ಹಾಕಿದರೆ ಓದುಗರ ನಿಜವಾದ ಮೂಲದ ಲೆಕ್ಕವೇ ಕೆಟ್ಟುಹೋಗುತ್ತದೆ.

ಪ್ರಶ್ನೆ: ಒಂದು ರಾತ್ರಿ ಇದ್ದಕ್ಕಿದ್ದಂತೆ ಸರ್ವರ್ ವರದಿಯಲ್ಲಿ ಭೇಟಿಗಳು ಮೂರು ಪಟ್ಟು ಹೆಚ್ಚಾದವು. ಕಾರಣವನ್ನು ಪತ್ತೆಹಚ್ಚುವುದು ಹೇಗೆ?

ಉತ್ತರ: ಆ ರಾತ್ರಿಯ ಲಾಗ್ ಕಡತವನ್ನೇ ತೆರೆದು, ಯಾವ ಪುಟಗಳನ್ನು ಕೇಳಲಾಗಿದೆ ಎಂದು ನೋಡಿ. ನಿಮ್ಮ ತಾಣ ವರ್ಡ್‌ಪ್ರೆಸ್‌ನಲ್ಲಿ ಇಲ್ಲದಿದ್ದರೂ ವರ್ಡ್‌ಪ್ರೆಸ್‌ನ ಲಾಗಿನ್ ಪುಟವನ್ನು ಸೆಕೆಂಡಿಗೆ ಹಲವು ಬಾರಿ ಕೇಳಿ, ಪ್ರತಿಸಲವೂ 404 (ಅಂಥ ಪುಟವಿಲ್ಲ) ಎಂಬ ಉತ್ತರವನ್ನು ಪಡೆದ ಸಾಲುಗಳು ಉದ್ದಕ್ಕೂ ಕಂಡರೆ, ಅದು ದುರ್ಬಲ ತಾಣಗಳನ್ನು ಹುಡುಕುತ್ತ ಅಲೆಯುವ ಬಾಟ್. ನಿಜವಾದ ಓದುಗರ ದಂಡು ಬಂದಿದ್ದರೆ ಒಂದೆರಡು ಬರಹಗಳಿಗೆ ಮಾತ್ರ ಬೇಡಿಕೆ ಏರಿರುತ್ತದೆ, ಪುಟದ ಜೊತೆಗೆ ಚಿತ್ರ, ಫಾಂಟ್‌ಗಳ ಸಾಲುಗಳೂ ಇರುತ್ತವೆ, ಅನಲಿಟಿಕ್ಸ್‌ನಲ್ಲೂ ಅದೇ ಹೊತ್ತಿಗೆ ಏರಿಕೆ ಕಾಣುತ್ತದೆ. ಜಿಎ4ರ ವರದಿಗಳು ಪೂರ್ಣಗೊಳ್ಳಲು ಒಂದೆರಡು ದಿನ ಬೇಕಾಗಬಹುದಾದ್ದರಿಂದ ಮರುದಿನ ಬೆಳಿಗ್ಗೆಯೇ ತೀರ್ಮಾನಕ್ಕೆ ಬರಬೇಡಿ. ಇನ್ನೊಂದು ಸಾಧ್ಯತೆಯನ್ನೂ ನೋಡಿಕೊಳ್ಳಿ: ತಾಣದ ವಿನ್ಯಾಸವನ್ನು ಸರಿಪಡಿಸುತ್ತ ನೀವೇ ಆ ರಾತ್ರಿ ನೂರು ಬಾರಿ ಪುಟವನ್ನು ರಿಫ್ರೆಶ್ ಮಾಡಿರಬಹುದು. ದಿನಕ್ಕೆ ಇಪ್ಪತ್ತು ಓದುಗರಿರುವ ತಾಣದಲ್ಲಿ ನಡೆಸುವವರದೇ ಓಡಾಟ ಲೆಕ್ಕವನ್ನು ಪೂರ್ತಿ ತಿರುಚಬಲ್ಲದು. ನಿಮ್ಮ ಐಪಿ ವಿಳಾಸವನ್ನು ಎರಡೂ ಸಾಧನಗಳ ಸೆಟ್ಟಿಂಗ್‌ನಲ್ಲಿ ಎಣಿಕೆಯಿಂದ ಹೊರಗಿಡಲು ಅವಕಾಶವಿದೆ.