ಸಾರ್ವಕಾಲಿಕ ಟೆಸ್ಟ್ ತಂಡಕ್ಕೆ ಓಪನರ್ ಯಾರು? ಸೆಹ್ವಾಗ್ ಯಾಕಿಲ್ಲ?

ಸಾರ್ವಕಾಲಿಕ ಶ್ರೇಷ್ಠ ಟೆಸ್ಟ್ ತಂಡ ಕಟ್ಟಿದರೆ ಇನ್ನಿಂಗ್ಸ್ ಶುರು ಮಾಡೋರು ಯಾರು, ಇಂಥ ಪಟ್ಟಿಗಳಲ್ಲಿ ಸೆಹ್ವಾಗ್ ಹೆಸರು ಯಾಕೆ ಬಿಟ್ಟುಹೋಗುತ್ತೆ ಅಂತ ಕೇಳಿದ್ದೀರಿ. ನನ್ನ ಜೋಡಿ ಇಂಗ್ಲೆಂಡಿನ ಜ್ಯಾಕ್ ಹಾಬ್ಸ್ ಮತ್ತು ನಮ್ಮ ಸುನಿಲ್ ಗವಾಸ್ಕರ್. ಸೆಹ್ವಾಗ್ ಅವರನ್ನು ಬಿಡೋಕೆ ಮನಸ್ಸಿಲ್ಲ, ಆದರೂ ಬಿಡ್ತೀನಿ.

ಕಾರಣ ಹುಡುಕಲು ಬೆಂಗಳೂರು ದಾಟಬೇಕಿಲ್ಲ. ಚಿನ್ನಸ್ವಾಮಿಯಲ್ಲೇ, ಪಾಕಿಸ್ತಾನದ ಎದುರೇ ಗವಾಸ್ಕರ್, ಸೆಹ್ವಾಗ್ ಇಬ್ಬರದೂ ಒಂದೊಂದು ದೊಡ್ಡ ಇನ್ನಿಂಗ್ಸ್ ಇದೆ. ಎರಡೂ ಪಂದ್ಯ ನಾವು ಸೋತಿದ್ದೇವೆ. 2005ರಲ್ಲಿ ಸೆಹ್ವಾಗ್ 201 ಹೊಡೆದರು. ನೋಡೋಕೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಪಿಚ್ ಮೇಲೆ ಅದಕ್ಕೂ ಮೊದಲು ಪಾಕಿಸ್ತಾನದ ಯೂನಿಸ್ ಖಾನ್ 267, ಇಂಜಮಾಮ್ 184 ಹೊಡೆದಿದ್ದರು. ಅಂದರೆ ಪಿಚ್ ಬ್ಯಾಟ್ಸ್‌ಮನ್‌ಗಳ ಕಡೆಗೇ ಇತ್ತು.

1987ರ ಮಾರ್ಚ್ ಪಂದ್ಯದ ಪಿಚ್ ಬೇರೆ ಜಾತಿಯದು. ಮೊದಲ ಇನ್ನಿಂಗ್ಸ್‌ನಲ್ಲಿ ನಮ್ಮ ಸ್ಪಿನ್ನರ್ ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಕಿತ್ತು ಪಾಕಿಸ್ತಾನವನ್ನು 116ಕ್ಕೆ ಮಡಚಿದ್ದರು. ಕೊನೆಯಲ್ಲಿ ನಮಗೆ ಬೇಕಾಗಿದ್ದು 221. ಅವರ ಸ್ಪಿನ್ನರ್‌ಗಳಾದ ತೌಸೀಫ್ ಅಹ್ಮದ್ ಮತ್ತು ಇಕ್ಬಾಲ್ ಖಾಸಿಂ ಎಸೆದ ಚೆಂಡು ಕೆಲವೊಮ್ಮೆ ಮೊಣಕಾಲಿಗೆ, ಕೆಲವೊಮ್ಮೆ ಎದೆಗೆ. ಬ್ಯಾಟಿನ ಸುತ್ತ ಕೈಚಾಚಿ ಕಾಯುವ ಫೀಲ್ಡರ್‌ಗಳು. ಆ ಇನ್ನಿಂಗ್ಸ್‌ನಲ್ಲಿ ಗವಾಸ್ಕರ್ ಅವರ ಕೆಳಗೈ ಗಮನಿಸಿ. ಹಿಡಿಕೆಯ ಮೇಲೆ ಅದು ಇದೆಯೋ ಇಲ್ಲವೋ ಅನ್ನೋ ಹಾಗೆ ಸಡಿಲ. ಚೆಂಡು ಪುಟಿದ ಮೇಲೆ ಎಷ್ಟು ತಿರುಗುತ್ತೋ ತಿರುಗಲಿ ಅಂತ ಕೊನೇ ಗಳಿಗೆವರೆಗೂ ಕಾದು ಆಡ್ತಾರೆ. ತಾಗಿದ ಚೆಂಡು ಪಕ್ಕದಲ್ಲೇ ನಿಂತ ಸಿಲ್ಲಿ ಪಾಯಿಂಟ್ ಫೀಲ್ಡರ್‌ನನ್ನು ತಲುಪದೆ ಕಾಲ ಬುಡದಲ್ಲೇ ಬೀಳುತ್ತೆ. 96 ಹೊಡೆದರು. ತಂಡದ ಉಳಿದ ಹತ್ತು ಜನರಲ್ಲಿ ಒಬ್ಬರೂ 30 ಮುಟ್ಟಲಿಲ್ಲ. ನಮ್ಮ ರೋಜರ್ ಬಿನ್ನಿ 15 ಹೊಡೆದು ಕೊನೆಯವರಾಗಿ ಔಟಾದರು. ಸೋತಿದ್ದು 16 ರನ್ನಿಂದ. ಗವಾಸ್ಕರ್ ಅವರ ಕೊನೆಯ ಟೆಸ್ಟ್ ಇನ್ನಿಂಗ್ಸ್ ಅದೇ.

ಓಪನರ್ ಆರಿಸುವಾಗ ನಾನು ನೋಡೋದು ಇಂಥ ದಿನಗಳನ್ನೇ. ಪಿಚ್ ಚೆನ್ನಾಗಿದ್ದರೆ ಐದನೇ ಕ್ರಮಾಂಕದವರೂ ರನ್ ಗುಡ್ಡೆ ಹಾಕ್ತಾರೆ, ಅದಕ್ಕೆ ಹಾಬ್ಸ್ ಯಾಕೆ ಬೇಕು?

ಗವಾಸ್ಕರ್ ಬಗ್ಗೆ ಒಂದು ಹಳೇ ತಕರಾರಿದೆ: ವೆಸ್ಟ್ ಇಂಡೀಸ್ ವಿರುದ್ಧದ 13 ಶತಕಗಳಲ್ಲಿ ಬಹಳಷ್ಟು, ನಾಲ್ವರು ವೇಗಿಗಳ ಆ ಭಯಂಕರ ದಾಳಿಯ ಎದುರು ಬಂದದ್ದಲ್ಲ ಅನ್ನೋದು. ಮಾತು ಪೂರ್ತಿ ಸುಳ್ಳಲ್ಲ. 1971ರ ಚೊಚ್ಚಲ ಸರಣಿಯ 774 ರನ್ ಆ ಕಾಲಕ್ಕಿಂತ ಮುಂಚಿನದು. ಆದರೆ 1983 ತೆಗೆದುಕೊಳ್ಳಿ. ಕಾನ್ಪುರದಲ್ಲಿ ವೆಸ್ಟ್ ಇಂಡೀಸ್ ವೇಗಿ ಮಾರ್ಷಲ್ ಎಸೆತಕ್ಕೆ ಕೈಯಿಂದ ಬ್ಯಾಟೇ ಹಾರಿಹೋಯ್ತು. ಮುಂದಿನ ದೆಹಲಿ ಟೆಸ್ಟ್‌ನಲ್ಲಿ ಅದೇ ಮಾರ್ಷಲ್, ಹೋಲ್ಡಿಂಗ್ ಎದುರು 94 ಎಸೆತಕ್ಕೆ ಶತಕ! ಗವಾಸ್ಕರ್ ಬರೀ ಕುಟುಕುತ್ತಿದ್ದರು ಅನ್ನೋರು ಇದನ್ನು ಮರೆತಿರುತ್ತಾರೆ.

ಹಾಬ್ಸ್ ಆಡಿದ ಕಾಲಕ್ಕೆ ಪಿಚ್‌ಗೆ ಹೊದಿಕೆಯೇ ಇಲ್ಲ. ರಾತ್ರಿ ಮಳೆ ಬಂದು ಬೆಳಿಗ್ಗೆ ಬಿಸಿಲು ಬಿದ್ದರೆ ಚೆಂಡು ಎಲ್ಲಿಗೆ ನೆಗೆಯುತ್ತೆ ಅಂತ ಎಸೆದವನಿಗೂ ಗೊತ್ತಿರುತ್ತಿರಲಿಲ್ಲ. 1926ರಲ್ಲಿ ಓವಲ್‌ನಲ್ಲಿ ಹಾಗೇ ಆಯ್ತು. ಹಾಬ್ಸ್ 100, ಜೊತೆಗಾರ ಓಪನರ್ ಸಟ್‌ಕ್ಲಿಫ್ 161, ಮೊದಲ ವಿಕೆಟ್‌ಗೆ 172. ಆಸ್ಟ್ರೇಲಿಯಾ ಜೊತೆ ಸೆಣಸುವ ಆಶಸ್ ಇಂಗ್ಲೆಂಡ್‌ಗೆ ಮರಳಿತು. ಹಾಗಾದರೆ ಹೆಚ್ಚು ಹೊಡೆದ ಸಟ್‌ಕ್ಲಿಫ್ ಯಾಕಲ್ಲ ಅಂತ ಕೇಳಬಹುದು. ಸರಾಸರಿಯೂ ಅವರದೇ ಮೇಲು: 60.73, ಹಾಬ್ಸ್ ಅವರದು 56.94. ನನಗೆ ಹಾಬ್ಸ್ ಮುಖ್ಯವಾಗೋದು ಅವರು ದಾಟಿದ ಕಾಲಮಾನದಿಂದ. ಗೂಗ್ಲಿ (ಲೆಗ್ ಸ್ಪಿನ್ನರ್ ಎಸೆದರೂ ಉಲ್ಟಾ ತಿರುಗುವ ಎಸೆತ) ಇನ್ನೂ ಹೊಸದಾಗಿದ್ದಾಗ, 1909-10ರಲ್ಲಿ, ದಕ್ಷಿಣ ಆಫ್ರಿಕಾದ ಗೂಗ್ಲಿ ಬೌಲರ್‌ಗಳನ್ನು ಅವರದೇ ಮ್ಯಾಟ್ ಹಾಸಿದ ಪಿಚ್ ಮೇಲೆ ಎದುರಿಸಿ ರಾಶಿ ರನ್ ಮಾಡಿದರು. (ನಮ್ಮೂರಿನ ಲೀಗ್‌ನಲ್ಲಿ ಮ್ಯಾಟ್ ಮೇಲೆ ಆಡಿದವರಿಗೆ ಚೆಂಡು ಹೇಗೆ ಪುಟಿಯುತ್ತೆ ಅಂತ ವಿವರಿಸಬೇಕಿಲ್ಲ.) ನಡುವೆ ಮಹಾಯುದ್ಧ ಬಂದು ವರ್ಷಗಳನ್ನೇ ತಿಂದಿತು. ಆಮೇಲೂ ಆಡಿ, 1929ರಲ್ಲಿ ಮೆಲ್ಬರ್ನ್‌ನಲ್ಲಿ 142 ಹೊಡೆದಾಗ ವಯಸ್ಸು 46.

ಇಂಗ್ಲೆಂಡಿನವರೇ ಆದ ಲೆನ್ ಹಟನ್ ಮೀಸಲು ಓಪನರ್. 1938ರಲ್ಲಿ ಒಂದೇ ಇನ್ನಿಂಗ್ಸ್‌ನಲ್ಲಿ ಹೊಡೆದ 364 ಎಲ್ಲರಿಗೂ ಗೊತ್ತು; ಯುದ್ಧದ ದಿನಗಳ ಗಾಯದಿಂದ ಎಡಗೈ ಗಿಡ್ಡವಾದ ಮೇಲೂ ವರ್ಷಗಟ್ಟಲೆ ಆಡಿದ್ದು ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು. ದಕ್ಷಿಣ ಆಫ್ರಿಕಾದ ಓಪನರ್ ಬ್ಯಾರಿ ರಿಚರ್ಡ್ಸ್ ಆಡಿದ್ದು ನಾಲ್ಕೇ ಟೆಸ್ಟ್, ಪಾಪ, ಅಷ್ಟರ ಮೇಲೆ ತೀರ್ಪು ಕೊಡೋಕಾಗಲ್ಲ.

ಇನ್ನು, ಬೆಂಗಳೂರಲ್ಲಿ ಈ ಚರ್ಚೆ ಎತ್ತಿದರೆ ಯಾರಾದರೂ ಒಬ್ಬರು ದ್ರಾವಿಡ್ ಅವರನ್ನು ಓಪನರ್ ಮಾಡಿಯೇ ತೀರ್ತಾರೆ. ಮೂರನೇ ಜಾಗದಲ್ಲಿ ಬ್ರಾಡ್‌ಮನ್ ಕೂತಿದ್ದಾರಲ್ಲ, ಅಲ್ಲಿಂದ ಮೇಲಕ್ಕೆ ತಳ್ಳೋದು! ಆಧಾರವೂ ಇಲ್ಲದಿಲ್ಲ. 2006ರಲ್ಲಿ ಲಾಹೋರ್‌ನಲ್ಲಿ ಸೆಹ್ವಾಗ್ ಜೊತೆ 410 ಸೇರಿಸಿದರು, ಮಂಕಡ್-ಪಂಕಜ್ ರಾಯ್ ಜೋಡಿಯ 413ಕ್ಕೆ ಮೂರೇ ಕಮ್ಮಿ. 2011ರಲ್ಲಿ ಓವಲ್‌ನಲ್ಲಿ ಮೊದಲಿಂದ ಕೊನೇವರೆಗೆ ನಿಂತು ಔಟಾಗದೆ 146, ಫಾಲೋ ಆನ್ ಆಗಿ ತಂಡ ಕೂಡಲೇ ಮತ್ತೆ ಬ್ಯಾಟ್ ಮಾಡಬೇಕಾದಾಗ ಸ್ವಲ್ಪ ಹೊತ್ತಿಗೇ ಮತ್ತೆ ಪ್ಯಾಡ್ ಕಟ್ಟಿ ಬಂದರು. ಆದರೂ ತಂಡದ ಗರಜಿಗೆ ಮಾಡಿದ ಕೆಲಸ ಅದು. ನಮ್ಮವರು ಅನ್ನೋ ಒಂದೇ ಕಾರಣಕ್ಕೆ ಹಾಬ್ಸ್ ಅವರನ್ನು ಎಬ್ಬಿಸಿ ಕಳಿಸಲ್ಲ.

ಇದೆಲ್ಲ ಟೆಸ್ಟ್ ಮಾತು. ಏಕದಿನದ ತಂಡ ಕೇಳಿದರೆ ಗವಾಸ್ಕರ್ ಹೆಸರು ನಾನೇ ಎತ್ತಲ್ಲ. 1975ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ 60 ಓವರ್ ಪೂರ್ತಿ ನಿಂತು 174 ಎಸೆತಕ್ಕೆ 36 ಹೊಡೆದ ಮಹಾನುಭಾವರು ಅವರು.